ಐದೂ ಹತ್ತರ ಬಸ್ಸಿಗೆ, ನಮ್ಮ ಕಥೆಗಳ ಕೊನೆ ಕದ್ದ ಬಗ್ಗೆ

ಸಕಲೇಶಪುರದಿಂದ ಬಾಳ್ಳುಪೇಟೆ ಮೇಲೆ ಕುಂದೂರಿಗೆ ಹೊರಡುವ, ಸಂಜೆ ಐದೂ ಹತ್ತರ ಕೊನೆಯ ಬಸ್ಸಿನ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಆರು ಚಕ್ರಗಳೂ ಸ್ಟೆಪ್ನಿಯೂ ಕುಶಲವೆಂದು ನಂಬಿ, ಬ್ರೇಕಿನ ವಿಷಯದಲ್ಲಿ ಎಂದಿನಂತೆ ದೇವರ ಮೇಲೆ ಭಾರ ಹಾಕಿ, ಇಪ್ಪತ್ತೆರಡು ವರ್ಷಗಳಿಂದ ನುಂಗಿಕೊಂಡು ಬಂದ ಒಂದು ದೂರನ್ನು ತಮ್ಮ ರೇಡಿಯೇಟರಿನ ಮುಂದೆ ವಿನಯದಿಂದ ಇಳಿಸುತ್ತಿದ್ದೇನೆ. ಈ ಅವಧಿಯಲ್ಲಿ ತಮ್ಮ ಬಾಡಿ ಎರಡು ಸಲವೂ ಬಣ್ಣ ಮೂರು ಸಲವೂ ಬದಲಾಗಿದೆಯಾದರೂ, ಬಸ್ಸಿನ ಆತ್ಮ ಇರುವುದು ಅದರ ವೇಳೆಯಲ್ಲೇ ಹೊರತು ತಗಡಿನಲ್ಲಲ್ಲ ಎಂಬ ವೇದಾಂತವನ್ನು ನಂಬಿದವನು ನಾನು. ಅಂದಿನ ತಾವೇ ಇಂದಿನ ತಾವು. ಅಲ್ಲವೆಂದು ವಾದಿಸಲು ತಮ್ಮ ಕಿಟಕಿಗಳ ಗಡಗಡವೂ ಒಪ್ಪುವುದಿಲ್ಲ.

ದೂರು ಇಷ್ಟೇ. ಸಕಲೇಶಪುರದಲ್ಲಿ ಬಿ.ಎ. ಓದಿದ ಮೂರು ವರ್ಷ ನಾನು ಯಾವ ಸಿನಿಮಾದ ಕೊನೆಯನ್ನೂ ನೋಡಲಿಲ್ಲ. ಶನಿವಾರ ಕಾಲೇಜು ಅರ್ಧ ದಿನ. ಮ್ಯಾಟಿನಿ ಶುರುವಾಗುವುದು ಎರಡೂವರೆಗೆ, ಮುಗಿಯುವುದು ಐದೂವರೆಗೆ, ತಾವು ಹೊರಡುವುದು ಐದೂ ಹತ್ತಕ್ಕೆ. ತಮ್ಮನ್ನು ತಪ್ಪಿಸಿಕೊಂಡರೆ ಮರುದಿನ ಬೆಳಗಿನವರೆಗೆ ಕುಂದೂರು ಭೂಪಟದಲ್ಲಿ ಮಾತ್ರ ಇರುವ ಊರು. ಹಾಗಾಗಿ ನಮ್ಮ ಕಡೆಯ ಹತ್ತು ಹನ್ನೆರಡು ಮಂದಿ ಬಾಗಿಲ ಪಕ್ಕದ ಸಾಲಿನಲ್ಲೇ, ಚಪ್ಪಲಿ ಕಳಚದೆ, ಚೀಲ ತೊಡೆಯ ಮೇಲಿಟ್ಟುಕೊಂಡೇ ಸಿನಿಮಾ ನೋಡುವ ಸಂಪ್ರದಾಯವಿತ್ತು. ಐದು ಹೊಡೆಯುತ್ತಿದ್ದಂತೆ ತಮ್ಮ ಕಂಡಕ್ಟರ್ ಹುಚ್ಚಣ್ಣನವರು ಟಾಕೀಸಿನ ಬಾಗಿಲ ಪರದೆ ಸರಿಸಿ, ತೆರೆಯ ಮೇಲೆ ಯಾರ ಕುತ್ತಿಗೆಗೆ ಯಾರ ಕತ್ತಿ ಇದ್ದರೂ ಲೆಕ್ಕಿಸದೆ, "ಕುಂದೂರ್ನೋರು ಏಳ್ರಪ್ಪೋ! ಹೀರೋ ಸಾಯಕ್ಕಿಲ್ಲ, ನಾನು ಗ್ಯಾರಂಟಿ. ಬಸ್ಸು ಹೋಗ್ಬುಡ್ತೈತೆ!" ಎಂದು ಕೂಗುತ್ತಿದ್ದರು. ಒಮ್ಮೆ ಹೀರೋ ಸತ್ತೇ ಹೋಗಿದ್ದನೆಂದು ಸೋಮವಾರ ಕಾಲೇಜಿನಲ್ಲಿ ತಿಳಿದು ನಾನು ಗ್ಯಾರಂಟಿಯ ಬಗ್ಗೆ ವಿಚಾರಿಸಲು, "ನಮ್ಮ ಬಸ್ಸಲ್ಲಿ ಟಿಕೆಟ್ ತಗಂಡೋರ್ಗೆ ಸತ್ತಿಲ್ಲ ಕಣೋ" ಎಂದು ಅವರು ಕೊಟ್ಟ ಸಮಾಧಾನಕ್ಕಿಂತ ದೊಡ್ಡ ತತ್ವವನ್ನು ನಾನು ಆಮೇಲೆ ಯಾವ ಗ್ರಂಥದಲ್ಲೂ ಕಂಡಿಲ್ಲ.

ಗ್ರಂಥವೆಂದಾಗ ನೆನಪಾಯಿತು. ಸಿನಿಮಾ ಹೋದರೆ ಹೋಗಲಿ, ಪುಸ್ತಕವನ್ನಾದರೂ ಪೂರ್ತಿ ಓದೋಣವೆಂದು ಲೈಬ್ರರಿಯಿಂದ ಕಾದಂಬರಿ ತಂದರೆ ತಮ್ಮ ಕಿಟಕಿಗಳಿಗೆ ಹಸಿವಾಗುತ್ತಿತ್ತು. ಗಾಜು ಅಲ್ಲಾಡದಂತೆ ಸಂದಿಗೆ ಮಡಚಿ ತುರುಕಲು ಹುಚ್ಚಣ್ಣನವರಿಗೆ ಕಾಗದ ಬೇಕು. ಟಿಕೆಟ್ ಪುಸ್ತಕ ಹರಿದರೆ ಮೇಲಿನವರಿಗೆ ಉತ್ತರ ಹೇಳಬೇಕು, ಕಾದಂಬರಿ ಹರಿದರೆ ನನಗೊಬ್ಬನಿಗೇ. "ಮೊದಲ್ನೇ ಹಾಳೆ ಹರಿದ್ರೆ ಕತೆ ತಿಳಿಯಕ್ಕಿಲ್ಲ. ಕೊನೇದು ಹರಿದ್ರೆ ಏನಾಯ್ತದೆ? ಅಷ್ಟೊತ್ಗೆ ಎಲ್ಲಾ ಗೊತ್ತಾಗಿರ್ತೈತಲ್ಲ ಮಾರಾಯ" ಎಂಬುದು ಅವರ ಸಾಹಿತ್ಯ ವಿಮರ್ಶೆ. ಕಾವ್ಯಮೀಮಾಂಸೆಯ ಪಾಠದಲ್ಲಿ ಮೇಷ್ಟರು ಸಂಚಾರಿ ಭಾವವೆಂದು ವಿವರಿಸಿದ್ದು ತಮ್ಮನ್ನೇ ಎಂದು ನಾನು ಬಹುಕಾಲ ನಂಬಿದ್ದೆ.

ಹೀಗೆ ತಲೆಯಿದ್ದು ಬಾಲವಿಲ್ಲದ ಕಥೆಗಳನ್ನೆಲ್ಲ ಒಟ್ಟಿಗೆ ತುಂಬಿಕೊಂಡು, ಬಾಳ್ಳುಪೇಟೆಯ ಲಾರಿಗಳ ಹಿಂದೆ ತಾವು ತೆವಳುತ್ತಿದ್ದ ಆ ಒಂದೂವರೆ ಗಂಟೆಯಲ್ಲಿ, ನಾವು ಪ್ರಯಾಣಿಕರೇ ಸೇರಿ ಕಟ್ಟಿದ ರಾಜ್ಯವೇ 'ಮುಕ್ಕಾಲು ಸೀಮೆ'. ಅಲ್ಲಿ ಯಾರೂ ಸಾಯುವುದಿಲ್ಲ, ಏಕೆಂದರೆ ಸತ್ತಿದ್ದನ್ನು ನೋಡಿದವರಿಲ್ಲ. ಅಲ್ಲಿನ ಮದುವೆಗಳಲ್ಲಿ ತಾಳಿ ಇನ್ನೂ ಕೈಯಲ್ಲೇ ಇದೆ, "ನಿಲ್ಲಿಸಿ" ಎಂದವನು ಇನ್ನೂ ಬಾಗಿಲಲ್ಲೇ ಇದ್ದಾನೆ, ಪುರೋಹಿತರು ಮಾತ್ರ ಊಟಕ್ಕೆ ಹೋಗಿದ್ದಾರೆ. "ಕೊಲೆಗಾರ ನಿಮ್ಮಲ್ಲೇ ಒಬ್ಬ" ಎಂದು ಎಲ್ಲರನ್ನೂ ಕೋಣೆಯಲ್ಲಿ ಕೂರಿಸಿದ ಪತ್ತೇದಾರನಿಗೆ ಇಪ್ಪತ್ತೆರಡು ವರ್ಷಗಳಿಂದ ಕೊಲೆಗಾರನೇ ಕಾಫಿ ಕಾಯಿಸಿ ಕೊಡುತ್ತಿದ್ದಾನೆ, ಈಗೀಗ ಅವರಿಬ್ಬರೂ ಬೀಗರಾಗುವ ಮಾತಿದೆ. ಎಸ್ಟೇಟೊಂದರಲ್ಲಿ ರೈಟರಾಗಿ ಆಳುಗಳ ಲೆಕ್ಕ ಬರೆಯುತ್ತಿದ್ದ ಸುಬ್ಬಯ್ಯನವರು ಖಳನಾಯಕರನ್ನು ಕೊಲ್ಲಲು ಒಪ್ಪುತ್ತಲೇ ಇರಲಿಲ್ಲ. "ಕೊಂದ್ರೆ ಏನ್ ಬಂತು? ನಮ್ ತೋಟಕ್ಕೆ ಕಳ್ಸಿ, ಒಂದು ಸೀಸನ್ ರೊಬಸ್ಟಾ ಕುಯ್ಸಣ, ಇರುವೆ ಕಡ್ಸಣ" ಎಂದು ಅವರು ವಿಧಿಸಿದ ಶಿಕ್ಷೆಯಿಂದಾಗಿ ಮುಕ್ಕಾಲು ಸೀಮೆಯಲ್ಲಿ ಇವತ್ತಿಗೂ ಕಾಫಿ ಕೊಯ್ಲಿಗೆ ಆಳಿನ ಕೊರತೆಯಿಲ್ಲ.

ಆ ಸೀಮೆಗೆ ಒಬ್ಬಳು ರಾಣಿಯಿದ್ದಳು. ಯಾವುದೋ ಡಬ್ಬಿಂಗ್ ಸಿನಿಮಾದವಳು. ಅರಮನೆ ಬಿಟ್ಟು ಒಬ್ಬಳೇ ಹೊರಟು, ಮರಳುಗಾಡು ದಾಟಿ, ತುಂಬಿದ ಹೊಳೆಯ ದಂಡೆಗೆ ಬಂದು ನಿಂತು ದೋಣಿಯವನನ್ನು ಕೂಗುವಷ್ಟರಲ್ಲಿ ಹುಚ್ಚಣ್ಣನವರು ನಮ್ಮನ್ನು ಕೂಗಿದರು. ಅಂದು ತಮ್ಮೊಳಗೆ ನನ್ನ ಪಕ್ಕದ ಸೀಟಿನಲ್ಲಿ ಕೂತು ನನ್ನಿಂದ ಆ ಕಥೆ ಹೇಳಿಸಿಕೊಂಡವರು, ಪ್ರತಿ ಶನಿವಾರ ಸಕಲೇಶಪುರದಿಂದ ಬಳೆ ಕೊಂಡೊಯ್ದು ಕುಂದೂರಿನ ಸುತ್ತಮುತ್ತ ಮಾರುತ್ತಿದ್ದ ಮರಿಯಮ್ ಬೀ. ಬಳೆಯ ಗಂಟನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಅವರು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲ ಸಂಜಯ, ಆ ಹೆಣ್ಮಗಳು ಮನೆ ಮುಟ್ಟಿದ್ಲೇನಪ್ಪ?"

ಮಾನ್ಯರೇ, ಅಂದಿನಿಂದ ಪ್ರತಿ ಶನಿವಾರ ಅದೇ ಪ್ರಶ್ನೆ. ನಾನು ರಾಣಿಗೆ ಎಷ್ಟು ಊರು ತೋರಿಸಲಿಲ್ಲ, ಎಂಥೆಂಥ ಕಾಡು ದಾಟಿಸಲಿಲ್ಲ! ಮುಂದೆ ಅದೇ ಸೀಮೆಯ ಕಾದಂಬರಿ ಬರೆಯಲು ಕೂತು ಆರುನೂರ ನಲವತ್ತು ಪುಟ ಮುಗಿಸಿದೆ. ರಾಣಿ ಮಾತ್ರ ಹೊಳೆಯ ದಂಡೆಯಲ್ಲೇ ನಿಂತಿದ್ದಾಳೆ. ಕೊನೆಯನ್ನೇ ಕಾಣದವನು ಕೊನೆಯನ್ನು ಹೇಗೆ ಬರೆದಾನು? ಪ್ರಕಾಶಕಿ ಸುಚಿತ್ರಾ ಅವರು "ಕೊನೆಯ ಅಧ್ಯಾಯ ದಾರಿಯಲ್ಲೇನಾದರೂ ಬಿದ್ದುಹೋಯಿತೇ?" ಎಂದು ಮೂರು ಸಲ ಕೇಳಿದ್ದಾರೆ. ಬಿದ್ದದ್ದು ನಿಜ, ತಮ್ಮ ದಾರಿಯಲ್ಲೇ ಬಿದ್ದದ್ದು. ಆದರೆ ಅದನ್ನು ಅವರಿಗೆ ವಿವರಿಸಲು ಬಸ್ಸಿನ ವೇಳಾಪಟ್ಟಿಯನ್ನು ಅಡಿಟಿಪ್ಪಣಿಯಾಗಿ ಕೊಡಬೇಕಾದೀತು.

ಅದೂ ಇರಲಿ. ಈಗ ಸಂಗತಿ ಕೈಮೀರಿದೆ. ಮರಿಯಮ್ ಬೀ ಈ ಶನಿವಾರ ಮಂಗಳೂರಿಗೆ, ಮಗಳು ನಿಶಾತಳ ಮನೆಗೆ ಹೊರಟಿದ್ದಾರೆ. ಕಣ್ಣು ಮಂಜಾಗಿದೆ, ಬಳೆಯ ಅಳತೆ ಕೈಗೆ ಗೊತ್ತೇ ಹೊರತು ಬಣ್ಣ ಕಣ್ಣಿಗೆ ಗೊತ್ತಾಗುವುದಿಲ್ಲ, ಇನ್ನು ಈ ಕಡೆ ಬರುವುದಿಲ್ಲ. "ನಾನು ಹೋಗೋದ್ರೊಳ್ಗೆ ಹೇಳ್ಬುಡು ಮಗಾ" ಎಂದು ಕಟ್ಟಪ್ಪಣೆಯಾಗಿದೆ. ಗಾಬರಿಬಿದ್ದು ನಾನು ಅವರ ಮೊಮ್ಮಗ ಉಮೇರ್‌ನ ಮೊರೆಹೋದೆ. ಅವನು ಆ ಸಿನಿಮಾವನ್ನು ಫೋನಿನಲ್ಲಿ ಎರಡೇ ನಿಮಿಷಕ್ಕೆ ಹುಡುಕಿ, ತಾವು ಇಪ್ಪತ್ತೆರಡು ವರ್ಷ ಮುಚ್ಚಿಟ್ಟಿದ್ದ ಆ ಕೊನೆಯ ಅರ್ಧ ಗಂಟೆಯನ್ನು ನಮ್ಮಿಬ್ಬರ ಮುಂದೆ ಇಟ್ಟೇಬಿಟ್ಟ. ದೋಣಿ ಬಂತು. ಅರಮನೆ ಬಂತು. ಹಿಂದೆಯೇ ನಲವತ್ತು ಜನ ಒಂದೇ ಬಣ್ಣದ ಬಟ್ಟೆ ತೊಟ್ಟು ಕುಣಿದರು, ಶುಭಂ ಬಿತ್ತು. ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದ ಮರಿಯಮ್ ಬೀ ಅದನ್ನು ಮೊಮ್ಮಗನ ಕೈಗೆ ವಾಪಸು ಕೊಟ್ಟು, "ಇವಳು ಅರಮನೆಗೆ ಹೋದ್ಲು, ಸರಿ. ನಾನು ಕೇಳಿದ್ದು ಮನೆ ಮುಟ್ಟಿದ್ಲಾ ಅಂತ. ಇದು ಯಾರ್ದೋ ಸುಳ್ಳು ಕಣೋ, ನೀನು ಹೇಳು" ಎಂದರು.

ಇಷ್ಟು ದಿನ ತಮ್ಮನ್ನು ಕಳ್ಳರೆಂದು ಬಗೆದಿದ್ದೆ. ಆ ನಲವತ್ತು ಜನರ ಕುಣಿತ ನೋಡಿದ ಮೇಲೆ, ಕದ್ದದ್ದು ಎಂಥ ಉಪಕಾರವೆಂದು ಅರಿವಾಗಿ ನಾಚಿದೆ. ಪ್ರತಿ ಶನಿವಾರ ಸರಿಯಾದ ಹೊತ್ತಿಗೆ ನಮ್ಮನ್ನು ಎಬ್ಬಿಸಿ ಒಯ್ಯದಿದ್ದರೆ ಕುಂದೂರಿನ ದಾರಿಯಲ್ಲಿ ಒಂದು ಲೋಕ ಹುಟ್ಟುತ್ತಿತ್ತೇ? ಆದ್ದರಿಂದ ದೂರನ್ನು ವಾಪಸು ಪಡೆಯದೆಯೇ ಕೆಲವು ಸಣ್ಣ ಬೇಡಿಕೆಗಳನ್ನು ಸಲ್ಲಿಸುತ್ತೇನೆ. ಇಪ್ಪತ್ತೆರಡು ವರ್ಷ ಉಳಿಸಿದ ಕೊನೆಗಳನ್ನೆಲ್ಲ ಹಾಗೆಯೇ ಡಿಕ್ಕಿಯಲ್ಲಿ ಭದ್ರವಾಗಿಡಿ. ಟಾಕೀಸು ಹೋಗಿ ಗೊಬ್ಬರದ ಗೋದಾಮಾಗಿದ್ದರೂ, ಐದಕ್ಕೆ ಸರಿಯಾಗಿ ಅದರ ಬಾಗಿಲಿಗೆ ಹೋಗಿ ಆ ಮೂಟೆಗಳನ್ನಾದರೂ ಎಬ್ಬಿಸಿ. ಹುಚ್ಚಣ್ಣನವರ ನಿವೃತ್ತಿಯನ್ನು ರದ್ದುಪಡಿಸಿ. ಮತ್ತು ಈ ಶನಿವಾರ ಒಂದೇ ದಿನ, ಬಾಳ್ಳುಪೇಟೆಯಲ್ಲಿ ಮಂಗಳೂರಿನ ಬಸ್ಸು ಹಿಡಿಯಲು ಮರಿಯಮ್ ಬೀ ಬೆಳಗ್ಗೆ ಕುಂದೂರಿನಿಂದ ವಾಪಸಾಗುವ ತಮ್ಮಲ್ಲಿ ಹತ್ತುವಾಗ, ತಮ್ಮ ಜನ್ಮದಲ್ಲಿ ಮೊದಲ ಸಲ ತಡವಾಗಿ ಓಡಿ. ನಾನಿನ್ನೂ ಬರೆದಿಲ್ಲ.

ತಮ್ಮ ಹಿಂಬದಿಯ ಏಣಿಯನ್ನು ನೋಡುತ್ತಲೇ ಓಡಿ ಬೆಳೆದ,
ತಮ್ಮ ವಿಶ್ವಾಸಿ,
ಸಂಜಯ್, ಕುಂದೂರು

ತಾ.ಕ.: ಪತ್ರವನ್ನು ಅಂಚೆಗೆ ಹಾಕುವುದು ತಡವಾಗಿ ಶನಿವಾರ ಕಳೆದುಹೋಯಿತು, ತಾವು ಮಾತ್ರ ಒಂದು ನಿಮಿಷವೂ ತಡ ಮಾಡಲಿಲ್ಲ, ಅಭಿನಂದನೆಗಳು. ಅಂದು ಬೆಳಗಿನ ಟ್ರಿಪ್ಪಿನಲ್ಲಿ ತಮ್ಮೊಳಗೆ ಕೂತು, ತೊಡೆಯ ಮೇಲೆ ಹಾಳೆಯಿಟ್ಟು, ಗುಂಡಿಗೊಂದು ಅಕ್ಷರದಂತೆ ಒಂದೇ ಒಂದು ಪುಟ ಬರೆದು ಮರಿಯಮ್ ಬೀ ಅವರಿಗೆ ಓದಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಬಾಳ್ಳುಪೇಟೆ ಬಂದಾಗ "ಮುಟ್ಟಿದ್ಲು ಬುಡು" ಎಂದು ನನ್ನ ಕೈ ತಟ್ಟಿ ಎದ್ದವರು, "ಆ ಕಿಟ್ಕಿ ಅಲ್ಲಾಡ್ತೈತೆ ನೋಡು, ಏನಾದ್ರೂ ಇಡು" ಎಂದು ಹೇಳಿ ಇಳಿದುಹೋದರು. ಇಟ್ಟಿದ್ದೇನೆ. ಎಡಗಡೆಯ ಮೂರನೆಯ ಕಿಟಕಿ. ಸುಚಿತ್ರಾ ಅವರೇನಾದರೂ ಕೊನೆಯ ಅಧ್ಯಾಯ ಹುಡುಕಿಕೊಂಡು ಬಂದರೆ ಟಿಕೆಟ್ ಕೊಟ್ಟು ಕೂರಿಸಿಕೊಳ್ಳಿ, ಹಾಳೆ ಮಾತ್ರ ಕೊಡಬೇಡಿ. ತಮ್ಮ ಇತಿಹಾಸದಲ್ಲಿ ಗಡಗಡ ಎನ್ನದಿರುವುದು ಅದೊಂದೇ ಕಿಟಕಿ.