ಸಂಜೆಯವರೆಗೆ ಸ್ಕೋರು ಹೇಳಬಾರದು

ಗುರುವಾರ ಬೆಳಗ್ಗೆ ಐದೂಮುಕ್ಕಾಲಿಗೆ ದೊರೆಸ್ವಾಮಿಯ ಫೋನು ದಿಂಬಿನ ಕೆಳಗೆ ಒಮ್ಮೆ ಗುಂಯ್ ಎಂದಿತು. ನಿದ್ದೆಗಣ್ಣಿನಲ್ಲಿ ಅವನು ಅದನ್ನು ನೋಡಿದ. ಕೆಂಪು ಟೋಪಿಯವರು ನೀಲಿ ಟೋಪಿಯವರ ಎದುರು ನಾಲ್ಕಕ್ಕೆ ಐದರಿಂದ ಸೋತಿದ್ದರು. ಒಂಬತ್ತು ಇನ್ನಿಂಗ್ಸಿನ ಆಟದ ಏಳನೆಯದರಲ್ಲಿ ಕೆಂಪಿನ ಪಿಚರ್, ಅಂದರೆ ಚೆಂಡೆಸೆಯುವ ಎಡಗೈಯವನು, ಮೊಣಕೈ ಹಿಡಿದುಕೊಂಡು ಮೈದಾನ ಬಿಟ್ಟಿದ್ದ. ದೊರೆಸ್ವಾಮಿ ಗಾಬರಿಯಿಂದ ಫೋನನ್ನು ಕವುಚಿ ಹಾಕಿದ. ಆದರೆ ಒಮ್ಮೆ ಓದಿದ್ದನ್ನು ಓದದ ಹಾಗೆ ಮಾಡುವ ಬಟನ್ನನ್ನು ಯಾವ ಫೋನಿನಲ್ಲೂ ಇಟ್ಟಿಲ್ಲ.

ಮದ್ದೂರಿನ ದೊರೆಸ್ವಾಮಿಗೂ ಅಮೆರಿಕದ ಬೇಸ್‌ಬಾಲಿಗೂ ಯಾವ ಜನ್ಮದ ನಂಟೂ ಇರಲಿಲ್ಲ. ದೋಹಾದ ಒಂದು ಕಟ್ಟಡ ಕಂಪನಿಯಲ್ಲಿ ನಕಾಶೆಗಳಿಗೆ, ಟೆಂಡರ್ ಕಾಗದಗಳಿಗೆ ನಂಬರು ಹಾಕಿ ಜೋಪಾನ ಮಾಡುವುದು ಅವನ ಕೆಲಸ. ವಿಭಾಗದ ಮುಖ್ಯಸ್ಥ ನೈಜೆಲ್ ಮಂಗಳೂರಿನವರು. ಹದಿನೈದು ವರ್ಷ ಅಮೆರಿಕದಲ್ಲಿದ್ದು ಅಲ್ಲಿಂದ ಒಂದು ಕೆಂಪು ಟೋಪಿಯನ್ನೂ ಅದನ್ನು ಹಾಕಿಕೊಳ್ಳುವ ತಂಡದ ಹುಚ್ಚನ್ನೂ ತಂದಿದ್ದರು. ತಿಂಗಳ ಹಿಂದೆ ಲಿಫ್ಟಿನಲ್ಲಿ ಅವರೊಬ್ಬರೇ ಸಿಕ್ಕಿದಾಗ ಹನ್ನೊಂದು ಮಹಡಿ ಸುಮ್ಮನೆ ನಿಲ್ಲುವುದಕ್ಕೆ ಹೆದರಿ ದೊರೆಸ್ವಾಮಿ ಟೋಪಿ ತೋರಿಸಿ, "ನಾನೂ ಇದೇ ಪಾರ್ಟಿ ಸಾರ್" ಎಂದುಬಿಟ್ಟಿದ್ದ. ನೈಜೆಲ್ ಅವನನ್ನು ತಬ್ಬಿಕೊಂಡಿದ್ದರು. ಅಂದಿನಿಂದ ಅವನು ಫೋನಿಗೆ ಬೇಸ್‌ಬಾಲ್ ಸುದ್ದಿ ಬರುವ ಹಾಗೆ ಮಾಡಿಕೊಂಡು, ಕಂಪನಿಯ ಬಸ್ಸಿನಲ್ಲಿ ಆಟಗಾರರ ಗಾಯಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡುತ್ತಿದ್ದ.

ಆ ಕಚೇರಿಯಲ್ಲಿ ಒಂದು ಕಟ್ಟಳೆಯಿತ್ತು. ಕೆಂಪು ನೀಲಿ ಒಂದೇ ಡಿವಿಷನ್ನಿನ ತಂಡಗಳು, ಒಂದೇ ಗೋಡೆ ಹಂಚಿಕೊಂಡ ದಾಯಾದಿಗಳಿದ್ದಂತೆ. ವರ್ಷಕ್ಕೆ ಹದಿಮೂರು ಸಲ ಎದುರಾಗುತ್ತವೆ. ಅಲ್ಲಿನ ಆಟ ಇಲ್ಲಿಗೆ ಬರುವಾಗ ನಸುಕು. ಹಾಗಾಗಿ ನೈಜೆಲ್ ಅದನ್ನು ರೆಕಾರ್ಡ್ ಮಾಡಿಟ್ಟು, ಗುರುವಾರ ಸಂಜೆ ಅಬು ಹಮೂರಿನ ತಮ್ಮ ವಿಲ್ಲಾದಲ್ಲಿ ನೀಲಿ ಪಾರ್ಟಿಯ ಅನ್ಸಾಫ್ ಜೊತೆ ಕೂತು ನೋಡುತ್ತಾರೆ. ಉಪ್ಪಿನಂಗಡಿಯ ಅನ್ಸಾಫ್ ಖರೀದಿ ವಿಭಾಗದವರು. ಸಂಜೆಯವರೆಗೆ ಯಾರೂ ಸ್ಕೋರು ಹೇಳಬಾರದು. ಹಿಂದೊಮ್ಮೆ ಒಬ್ಬ ಇಂಜಿನಿಯರ್ ಊಟದ ಹೊತ್ತಿಗೆ ಬಾಯಿ ಜಾರಿ ಸ್ಕೋರು ಹೇಳಿ, ಮರುವಾರವೇ ಮರಳುಗಾಡಿನ ನಡುವಿನ ಸೈಟಿಗೆ ವರ್ಗವಾಗಿ ಹೋಗಿದ್ದ.

ಈ ಗುರುವಾರ ದೊರೆಸ್ವಾಮಿಗೂ ಆಹ್ವಾನವಿತ್ತು. ಅದಕ್ಕಿಂತ ದೊಡ್ಡ ಸಂಗತಿಯೆಂದರೆ, ಅವನ ಕೆಲಸದ ಕರಾರು ತಿಂಗಳ ಕೊನೆಗೆ ಮುಗಿಯುತ್ತಿತ್ತು. ಎರಡು ವರ್ಷ ಮುಂದುವರಿಸುವ ಕಾಗದ ನೈಜೆಲ್ ಮೇಜಿನ ಮೇಲೆ ಸಹಿಗಾಗಿ ಕಾದಿತ್ತು. ಮ್ಯಾಚ್ ಮುಗಿಸಿ ಸಹಿ ಹಾಕುವೆ ಎಂದಿದ್ದರು. ಕೆಂಪು ಗೆದ್ದರೆ ನೈಜೆಲ್ ಎದುರಿಗೆ ಹಿಡಿದದ್ದಕ್ಕೆಲ್ಲ ಸಹಿ ಹಾಕುವ ಮನುಷ್ಯ. ಸೋತರೆ ಮದುವೆಗೆಂದು ಕೊಟ್ಟ ರಜೆಯ ಅರ್ಜಿಯನ್ನೂ ಹರಿದುಹಾಕಿದ ಉದಾಹರಣೆ ಕಚೇರಿಯಲ್ಲಿತ್ತು.

"ಇವತ್ತು ಸೈನ್ ಆಗುತ್ತೆ ತಾನೆ?" ಎಂದು ಹೆಂಡತಿ ಚೂಡಾಮಣಿ ಕಾಫಿ ಕೊಡುತ್ತ ಕೇಳಿದಳು. ಮಗಳು ಇಂಚರಾ ಒಂಬತ್ತನೇ ಕ್ಲಾಸು. ನಡುವರ್ಷದಲ್ಲಿ ಗಂಟುಮೂಟೆ ಕಟ್ಟಿದರೆ ಮದ್ದೂರಿನಲ್ಲಿ ಯಾವ ಶಾಲೆ ಸೇರಿಸಿಕೊಳ್ಳುತ್ತದೆ ಎಂಬ ಲೆಕ್ಕದಲ್ಲಿ ಅವಳು ವಾರದಿಂದ ಸರಿಯಾಗಿ ಉಂಡಿರಲಿಲ್ಲ.

"ಮ್ಯಾಚ್ ಮೇಲೆ ನಿಂತಿದೆ ಕಣೇ" ಎಂದ ದೊರೆಸ್ವಾಮಿ. ಸೋತ ಸುದ್ದಿಯನ್ನು ಅವಳಿಗೂ ಹೇಳಲಿಲ್ಲ. ಅವಳಿಗೆ ಹೇಳಿದರೆ ಎದುರುಮನೆಯ ಝಾಹಿದಾಗೆ ಗೊತ್ತಾಗುತ್ತದೆ. ಝಾಹಿದಾಗೆ ಗೊತ್ತಾದರೆ ಅದು ಅವನಿಗಿಂತ ಮೊದಲು ಅಬು ಹಮೂರಿನ ನೈಜೆಲ್ ಮನೆ ತಲುಪುತ್ತದೆ.

ಬಸ್ಸಿನಲ್ಲಿ ಕೂತು ಅವನು ಒಂದು ತೀರ್ಮಾನಕ್ಕೆ ಬಂದ. ಮಾಡಬೇಕಾದದ್ದು ಎರಡೇ. ಮುಖದ ಮೇಲೆ ಏನೂ ಕಾಣದಂತೆ ಸಂಜೆಯವರೆಗೆ ಹೊತ್ತು ತಳ್ಳಬೇಕು. ಸಂಜೆಯೊಳಗೆ, ಅಂದರೆ ನೈಜೆಲ್‌ಗೆ ಸೋಲು ಗೊತ್ತಾಗುವ ಮೊದಲೇ, ಸಹಿ ಹಾಕಿಸಿಕೊಳ್ಳಬೇಕು.

ಕಚೇರಿಗೆ ಕಾಲಿಟ್ಟಾಗ ನೈಜೆಲ್ ಮತ್ತು ಅನ್ಸಾಫ್ ಚಹಾ ಯಂತ್ರದ ಪಕ್ಕ ನಿಂತು ಪಿಚಿಂಗ್ ಬಗ್ಗೆ ವಾದಿಸುತ್ತಿದ್ದರು. ಎಡಗೈಯವನು ನೂರು ಎಸೆತ ದಾಟಿದರೆ ಅವನ ಚೆಂಡಿನ ವೇಗ ಇಳಿಯುತ್ತದೆ, ಅಷ್ಟರಲ್ಲಿ ಬದಲಾಯಿಸಬೇಕು ಎಂದು ಅನ್ಸಾಫ್; ಬದಲಿಗೆ ಬರುವವರೆಲ್ಲ ಭುಜ ಉಳುಕಿ ಆಸ್ಪತ್ರೆಯಲ್ಲಿದ್ದಾರೆ, ಇವನನ್ನೇ ನಂಬಬೇಕು ಎಂದು ನೈಜೆಲ್. ದೊರೆಸ್ವಾಮಿ ಗೋಡೆಗೆ ಅಂಟಿಕೊಂಡ ಹಲ್ಲಿಯ ಹಾಗೆ ಜಾರಿಕೊಳ್ಳುತ್ತಿದ್ದ. ಅನ್ಸಾಫ್ ಕಂಡುಬಿಟ್ಟರು.

"ಸ್ವಾಮಿಗಳೇ, ಎಲ್ಲಿಗೆ? ನಿಮ್ಮ ಎಡಗೈಯವನ ಮೊಣಕೈ ಇವತ್ತು ತಡೀತದಾ, ಇಲ್ವಾ, ಹೇಳಿ ಹೋಗಿ."

ನೈಜೆಲ್ ಅವನನ್ನೇ ನೋಡುತ್ತಿದ್ದರು.

"ತಡೆಯುತ್ತೆ ಸಾರ್. ಕಬ್ಬಿಣ ಅದು" ಎಂದ. ಹಾಗೆನ್ನುವಾಗ ತನ್ನದೇ ಮೊಣಕೈ ಯಂತ್ರದ ಪಕ್ಕದ ಲೋಟಕ್ಕೆ ಬಡಿದು ಚಹಾ ಅಂಗಿಯ ಮೇಲೆ ಚೆಲ್ಲಿತು. ನೈಜೆಲ್ ಟಿಶ್ಯೂ ಕೊಟ್ಟರು.

ಒಂಬತ್ತು ಗಂಟೆಗೆ ಕರಾರಿನ ಕಾಗದದ ಒಂದು ಪ್ರತಿ ಹಿಡಿದು ಅವರ ಕ್ಯಾಬಿನ್ನಿಗೆ ಹೋದ. ಭಾನುವಾರ ಬೆಳಗ್ಗೆಯೇ ಆಡಳಿತ ವಿಭಾಗಕ್ಕೆ ಕೊಡಬೇಕಂತೆ, ಈಗಲೇ ಒಂದು ಸಹಿ ಬಿದ್ದರೆ ಅನುಕೂಲ ಎಂದು ಬಸ್ಸಿನಲ್ಲಿ ಕಂಠಪಾಠ ಮಾಡಿದ್ದನ್ನು ಒಪ್ಪಿಸಿದ.

ನೈಜೆಲ್ ಕನ್ನಡಕ ತೆಗೆದರು. "ಸಂಜೆ ಅಂತ ಹೇಳಿದ್ನಲ್ಲ ಮಾರಾಯ. ಅಷ್ಟು ಅರ್ಜೆಂಟ್ ಎಂತಕ್ಕೆ? ಸಂಜೆ ಎಂತಾದ್ರೂ ಆಗ್ಲಿಕ್ಕೆ ಉಂಟಾ?"

"ಇಲ್ಲ ಸಾರ್, ಏನೂ ಆಗಲ್ಲ. ಗೆಲ್ತೀವಿ."

"ಗೆಲ್ತೇವೆ ಅಂತ ನಿಂಗೆ ಹೇಗೆ ಗೊತ್ತು?"

"ಗೊತ್ತಿಲ್ಲ ಸಾರ್. ನಂಗೇನೂ ಗೊತ್ತಿಲ್ಲ" ಎಂದು ಹಿಂದೆ ಹಿಂದೆ ನಡೆದು ಬಾಗಿಲಿಗೆ ಬೆನ್ನು ಬಡಿಸಿಕೊಂಡು ಹೊರಬಂದ. ಕಾಗದ ಒಳಗೇ ಉಳಿಯಿತು.

ಅಲ್ಲಿಂದ ಮುಂದೆ ಮುಖ ಕಾಯುವ ಕೆಲಸ. ನಕ್ಕರೆ ಗೆದ್ದರು ಎಂದುಕೊಳ್ಳುತ್ತಾರೆ, ಬಾಡಿದರೆ ಸೋತರು ಎಂದುಕೊಳ್ಳುತ್ತಾರೆ. ಅವನು ಎರಡೂ ಅಲ್ಲದ ಒಂದು ಮುಖ ಮಾಡಿಕೊಂಡು ಕೂತ. ಪಾಸ್‌ಪೋರ್ಟಿನ ಫೋಟೋ ತೆಗೆಸುವಾಗ ಅರ್ಧ ನಿಮಿಷ ಹಿಡಿಯುವ ಮುಖವನ್ನು ಮೂರು ಗಂಟೆ ಹಿಡಿದರೆ ಏನಾಗುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಆಡಳಿತ ವಿಭಾಗದ ಪರ್ಪೆಚುವಾ ಮೇಡಮ್‌ಗೆ ಗೊತ್ತಿತ್ತು. ಅವರ ಭಾವನಿಗೆ ಪಾರ್ಶ್ವವಾಯು ಬಡಿದದ್ದು ಥೇಟ್ ಹೀಗೆಯೇ.

ಅವರು ಬಂದು ಅವನ ಗಲ್ಲ ಹಿಡಿದು ನಗಿಸಿ ನೋಡಿದರು. ನಗು ಒಂದೇ ಕಡೆ ಬಂತು. ಡ್ರಾಯರಿನಿಂದ ಬಿಪಿ ನೋಡುವ ಯಂತ್ರ ತಂದು ಎಲ್ಲರೆದುರು ಅವನ ತೋಳಿಗೆ ಕಟ್ಟಿದರು. ಯಂತ್ರ ಊದಿಕೊಂಡು ನೂರ ಎಪ್ಪತ್ತು ತೋರಿಸಿತು. ಅವನು ಬೇಡ ಬೇಡವೆನ್ನುತ್ತಿದ್ದಂತೆ ಚೂಡಾಮಣಿಗೆ ಫೋನು ಹೋಯಿತು. ಅವಳು ಅಳುತ್ತ, ಕೆಲಸ ಹೋಯಿತಾ ಎಂದೇ ಮೊದಲು ಕೇಳಿದಳಂತೆ. ಐದೇ ನಿಮಿಷದಲ್ಲಿ ಝಾಹಿದಾ ಫೋನು ಮಾಡಿ, ಗಾಬರಿಯಾಗಬೇಡಿ, ಊರಿಗೆ ಹೋಗುವುದಾದರೆ ನಿಮ್ಮ ಫ್ರಿಜ್ ನಾವೇ ಕೊಳ್ಳುತ್ತೇವೆ ಎಂದಳು.

ಗಲಾಟೆ ಕೇಳಿ ನೈಜೆಲ್ ಹೊರಬಂದರು. "ಇಂಜುರಿ ಲಿಸ್ಟಿಗೆ ಒಬ್ಬ ಹೆಚ್ಚಾದ" ಎಂದು ಅನ್ಸಾಫ್ ನಗಾಡಿದರು. ಲಿಸ್ಟ್ ಎಂದೊಡನೆ ಕೆಲಸದಿಂದ ತೆಗೆಯುವವರ ಲಿಸ್ಟೇ ನೆನಪಾಗಿ ದೊರೆಸ್ವಾಮಿಯ ಬಿಪಿ ಇನ್ನೂ ಎಂಟು ಏರಿದ್ದನ್ನು ಯಂತ್ರ ಎಲ್ಲರಿಗೂ ಕಾಣುವಂತೆ ತೋರಿಸಿತು.

ಪರ್ಪೆಚುವಾ ಮೇಡಮ್‌ಗೆ ಮಾತ್ರ ಅವನು ಪಿಸುಗುಟ್ಟಿದ: ರೋಗ ಇಲ್ಲ ಮೇಡಮ್, ಆ ಸಹಿ ಬಿದ್ದರೆ ಇಳಿಯುತ್ತದೆ. ಅವರು ಮರುಕಪಟ್ಟು, ಊಟಕ್ಕೆ ಮುಂಚೆ ನೈಜೆಲ್‌ಗೆ ಕೊಡುವ ಸಹಿ ಕಾಗದಗಳ ಕಟ್ಟಿನಲ್ಲಿ ಡ್ರೈವರುಗಳ ಓವರ್‌ಟೈಮಿಗೂ ನೀರಿನ ಕ್ಯಾನುಗಳ ಆರ್ಡರಿಗೂ ನಡುವೆ ಅವನ ಕಾಗದದ ಇನ್ನೊಂದು ಪ್ರತಿ ತುರುಕಿದರು. ದೊರೆಸ್ವಾಮಿ ಗಾಜಿನ ಬಾಗಿಲಾಚೆ ಉಸಿರು ಬಿಗಿಹಿಡಿದು ನಿಂತ. ನೈಜೆಲ್ ನೋಡದೆಯೇ ಗೀಚುತ್ತ ಬಂದರು. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಪೆನ್ನು ನಿಂತಿತು. ಅವರು ತಲೆಯೆತ್ತಿ ಗಾಜಿನಾಚೆ ನೇರವಾಗಿ ಅವನನ್ನು ನೋಡಿದರು. ಕಾಗದ ತೆಗೆದು ನಾಲ್ಕು ಮಡಿಕೆ ಮಾಡಿ ತಮ್ಮ ಜೇಬಿಗೆ ಹಾಕಿಕೊಂಡರು.

ಸಂಜೆ ಆರಕ್ಕೆ ಅಬು ಹಮೂರಿನ ವಿಲ್ಲಾದಲ್ಲಿ ಎಸಿಯ ತಣ್ಣನೆ ಗಾಳಿಗೆ ಎದುರಾಗಿ ಕೂತರೂ ದೊರೆಸ್ವಾಮಿಯ ಬೆನ್ನು ಒದ್ದೆಯಾಗಿತ್ತು. ಒಂದು ಕಡೆ ಕೆಂಪು ಟೋಪಿ ನೈಜೆಲ್, ಇನ್ನೊಂದು ಕಡೆ ನೀಲಿ ಟೋಪಿ ಅನ್ಸಾಫ್, ನಡುವೆ ಅವನು. ನೈಜೆಲ್ ಹೆಂಡತಿ ವೆನಿಟಾ ಕರಿದ ಮೀನು ತಂದಿಟ್ಟರು. ಮಡಚಿದ ಕಾಗದ ನೈಜೆಲ್ ಜೇಬಿನಿಂದ ಮೂಲೆ ತೋರಿಸುತ್ತಿತ್ತು.

ಆಟ ಶುರುವಾಯಿತು. ಎಡಗೈಯವನು ಒಬ್ಬೊಬ್ಬರನ್ನೇ ಔಟು ಮಾಡುತ್ತ ಹೋದ. ಆರು ಇನ್ನಿಂಗ್ಸಿಗೆ ಕೆಂಪು ನಾಲ್ಕು, ನೀಲಿ ಒಂದು. ಮುಂದೆ ಆಗುವುದು ಗೊತ್ತಿದ್ದೂ ಈಗ ಸಂತೋಷಪಡಬೇಕಾದ ಕಷ್ಟ ದೊರೆಸ್ವಾಮಿಗೆ ಹೊಸದು. ಹೆಣದ ಮುಂದೆ ಕೂತು ಅದರ ಜಾತಕ ಓದಿದಂತಿತ್ತು. ಆದರೂ ಬೆಳಗಿನಿಂದ ಕೂಡಿಟ್ಟ ಭಯವನ್ನೆಲ್ಲ ಹಾಕಿ ಅವನು ಕುಣಿದ. ಸೋಫಾದ ಮೇಲೆ ಹತ್ತಿದ. ಗೆದ್ವಿ ಸಾರ್, ಖಲಾಸ್, ನೀಲಿಯವರು ಮೂಟೆ ಕಟ್ಟಲಿ ಎಂದು ಅನ್ಸಾಫ್ ಮುಖಕ್ಕೆ ಟವೆಲ್ ಬೀಸಿದ. ಇಷ್ಟು ಚೆನ್ನಾಗಿ ತಾನು ನಟಿಸಬಲ್ಲೆನೆಂದು ಅವನಿಗೇ ಗೊತ್ತಿರಲಿಲ್ಲ.

ಏಳನೇ ಇನ್ನಿಂಗ್ಸಿನಲ್ಲಿ ಎಡಗೈಯವನು ಚೆಂಡು ಎಸೆದು ಮೊಣಕೈ ಹಿಡಿದುಕೊಂಡ. ದೊರೆಸ್ವಾಮಿ ಬಾಯಿ ತೆರೆದು, ಕಣ್ಣರಳಿಸಿ, ಸರಿಯಾದ ಹೊತ್ತಿಗೆ ಸೋಫಾದ ಮೇಲೆ ಕುಸಿದ. ಬದಲಿಗೆ ಬಂದವನು ನಾಲ್ಕು ರನ್ ಬಿಟ್ಟುಕೊಟ್ಟ. ಐದು, ನಾಲ್ಕು. ಆಟ ಮುಗಿಯಿತು.

ನೈಜೆಲ್ ಟಿವಿ ಆರಿಸಿದರು. ಸಿಟ್ಟಿರಲಿಲ್ಲ. ತಟ್ಟೆಯಿಂದ ಒಂದು ಮೀನು ಎತ್ತಿಕೊಂಡು, "ಅನ್ಸಾಫ್, ನೀನು ಬೆಳಿಗ್ಗೆ ಎಷ್ಟೊತ್ತಿಗೆ ನೋಡಿದ್ದು?" ಎಂದರು.

"ನಮಾಜ್ ಮುಗಿಸಿ ಕೂತೆ. ಕಡೇ ಮೂರು ಇನ್ನಿಂಗ್ಸ್ ಸಿಕ್ಕಿತು. ನೀನು?"

"ಮೊದಲಿಂದ."

ದೊರೆಸ್ವಾಮಿ ಒಬ್ಬರ ಮುಖ ಬಿಟ್ಟು ಇನ್ನೊಬ್ಬರ ಮುಖ ನೋಡಿದ. "ಸಾರ್, ಸಂಜೆವರೆಗೆ ನೋಡಬಾರದು ಅಂತ..."

"ಹೇಳಬಾರದು ಅಂತ" ಎಂದರು ಅನ್ಸಾಫ್. "ನೋಡಬಾರದು ಅಂತ ಯಾರು ಹೇಳಿದ್ದು? ಇಂಥ ಮ್ಯಾಚ್ ಸಂಜೆವರೆಗೆ ನೋಡದೆ ಬದುಕ್ಲಿಕ್ಕೆ ಆಗ್ತದಾ ಸ್ವಾಮಿಗಳೇ?"

ನೈಜೆಲ್ ಅವನ ಕಡೆ ತಿರುಗಿದರು. "ಆರು ವರ್ಷದಿಂದ ಹೀಗೆಯೇ. ಇಬ್ಬರೂ ನೋಡಿರ್ತೇವೆ, ಇಬ್ಬರೂ ಬಾಯಿ ಬಿಡುವುದಿಲ್ಲ. ಇವತ್ತು ಬೆಳಿಗ್ಗೆ ನಂಗೆ ಒಂದು ಚಹಾ ಇಳೀಲಿಲ್ಲ. ನೀನು ಬಂದು ಮೊಣಕೈ ಕಬ್ಬಿಣ ಅಂದೆ. ಸೋತ ದಿನವೇ ಸೈನ್ ಹಾಕಿ ಅಂತ ಕಾಗದ ಹಿಡ್ಕೊಂಡು ಬಂದೆ. ಈಗ ಸೋಫಾದ ಮೇಲೆ ಕುಣಿದೆ. ನಿಂಗೆ ನಿಜವಾಗಿ ಗೊತ್ತಿರಲಿಲ್ಲ. ಅಂದ್ರೆ ನೀನು ಬೆಳಿಗ್ಗೆ ಎದ್ದು ನೋಡುವಷ್ಟೂ ಆಸೆ ಇಲ್ಲದ ಮನುಷ್ಯ. ನೀನು ಕೆಂಪಿನವ ಅಲ್ಲ, ದೊರೆಸ್ವಾಮಿ. ಲಿಫ್ಟಿನಲ್ಲಿ ಹೇಳಿದ್ದು ಸುಳ್ಳು."

ದೊರೆಸ್ವಾಮಿಗೆ ಬೆಳಗಿನಿಂದ ಮೊದಲ ಸಲ ಉಸಿರು ಬಂತು. ಇದಕ್ಕೆ ಪುರಾವೆಯಿತ್ತು. "ಗೊತ್ತಿತ್ತು ಸಾರ್" ಎಂದು ಫೋನು ತೆಗೆದು ಐದೂಮುಕ್ಕಾಲಿನ ಸುದ್ದಿಯನ್ನು ಅವರ ಮೂಗಿನ ಹತ್ತಿರ ಹಿಡಿದ. "ನಿಮಗಿಂತ ಹೆಚ್ಚು ಸಂಕಟಪಟ್ಟೆ ಸಾರ್ ನಾನು."

ನೈಜೆಲ್ ಓದಿದರು. ಗಂಟೆ ನೋಡಿದರು. ಎರಡನೇ ಸಲ ಓದಿದರು.

"ಹಾಗಾದ್ರೆ ಆ ಕುಣಿದದ್ದು?"

"ನಾಟಕ ಸಾರ್."

"ಆ ಕುಸಿದು ಬಿದ್ದದ್ದು?"

"ಅದೂ ನಾಟಕ ಸಾರ್. ನಿಮಗೋಸ್ಕರ."

ವೆನಿಟಾ ಖಾಲಿ ತಟ್ಟೆ ತೆಗೆದುಕೊಂಡು ಒಳಗೆ ಹೋದರು. ಅನ್ಸಾಫ್ ಗಡ್ಡ ತುರಿಸಿಕೊಂಡು, ಇದು ಕಷ್ಟದ ವಿಷಯ ನೈಜೆಲ್, ಅಂದರು. ಗೊತ್ತಿಲ್ಲದಿದ್ದರೆ ಅಭಿಮಾನಿ ಅಲ್ಲ. ಗೊತ್ತಿದ್ದೂ ಮೂರು ಗಂಟೆ ಮುಖಕ್ಕೆ ಮುಖ ಕೊಟ್ಟು ಇಷ್ಟು ಚಂದ ಸುಳ್ಳಾಡುವವನಾದರೆ, ಕಂಪನಿಯ ಟೆಂಡರ್ ಕಾಗದಗಳೆಲ್ಲ ಇವನ ಕೈಯಲ್ಲೇ ಇವೆ.

ಇನ್ನೊಂದು ಸುಳ್ಳು ಹೇಳಿದರೆ ಬಚಾವಾಗಬಹುದೇ ಎಂದು ದೊರೆಸ್ವಾಮಿ ತಲೆಯೆಲ್ಲ ತಡಕಾಡಿದ. ಒಂದೂ ಸಿಗಲಿಲ್ಲ. ಇದ್ದದ್ದನ್ನೆಲ್ಲ ಸೋಫಾದ ಮೇಲೆ ಖರ್ಚು ಮಾಡಿಬಿಟ್ಟಿದ್ದ.

ನೈಜೆಲ್ ಜೇಬಿನಿಂದ ಕಾಗದ ತೆಗೆದು ತೊಡೆಯ ಮೇಲೆ ಬಿಡಿಸಿ, 'ಎರಡು ವರ್ಷ' ಎಂಬುದನ್ನು ನೀಟಾಗಿ ಹೊಡೆದುಹಾಕಿ, ಮೇಲೆ 'ಮೂರು ತಿಂಗಳು' ಎಂದು ಬರೆದು ಸಹಿ ಹಾಕಿದರು. "ಸೀಸನ್ ಮುಗೀಲಿ. ನೀನು ಎಂಥವ ಅಂತ ಅಷ್ಟರೊಳಗೆ ನೋಡುವ. ಕೆಂಪಿನ ಮ್ಯಾಚ್ ಇದ್ದ ದಿನ ಬೆಳಿಗ್ಗೆ ಇಲ್ಲಿಗೇ ಬಾ. ಒಟ್ಟಿಗೆ ನೋಡುವ. ನಿನ್ನ ಮುಖ ನಂಗೆ ಕಾಣಬೇಕು."

ಮನೆಗೆ ಬಿಡುತ್ತೇನೆಂದು ಅನ್ಸಾಫ್ ಕಾರು ಹತ್ತಿಸಿಕೊಂಡರು. ಸಮಾಧಾನ ಮಾಡುವ ದನಿಯಲ್ಲಿ ಹೇಳಿದರು:

"ನೀವು ಸುಮ್ಮನೆ ಹೆದರಿದ್ದು ಸ್ವಾಮಿಗಳೇ. ನಿಮ್ಮ ಪಕ್ಕದ ಮೇಜಿನ ಸುಪ್ರೀತ್ ಇದ್ದಾನಲ್ಲ, ಅವನ ಕಾಗದಕ್ಕೆ ನಿನ್ನೆಯೇ ಸೈನ್ ಆಯ್ತು. ಎರಡು ವರ್ಷ. ಮ್ಯಾಚಿಗೆ ಬಾ ಅಂತ ನೈಜೆಲ್ ಕರೆದಿದ್ದ. ಆ ಆಟ ನೋಡಿದ್ರೆ ನಂಗೆ ನಿದ್ದೆ ಬರುತ್ತೆ ಸಾರ್ ಅಂತ ನೈಜೆಲ್ ಮುಖಕ್ಕೇ ಹೇಳಿಬಿಟ್ಟನಂತೆ."