ಆರೂವರೆ ಗಂಟೆಯ ನದಿ

ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಭಯ ಬೆರೆತ ಗೌರವ. ನನ್ನಿಂದ ಅದು ಆಗುವುದಿಲ್ಲ. ಸ್ವಭಾವವೂ ಹಾಗೇ, ಸಿಕ್ಕ ಉದ್ಯೋಗವೂ ಹಾಗೇ. ನಾನು ಸೈನ್ಯಕ್ಕಾಗಿ ದುಡಿಯುತ್ತೇನೆ, ಆದರೆ ಸೈನಿಕನಲ್ಲ. ಸಮವಸ್ತ್ರವಿಲ್ಲ, ಬಂದೂಕಿಲ್ಲ, ಸೆಲ್ಯೂಟ್ ಹೊಡೆಯುವ ಹಕ್ಕೂ ಇಲ್ಲ, ಹೊಡೆಸಿಕೊಳ್ಳುವ ಯೋಗವೂ ಇಲ್ಲ. ಅಧಿಕಾರಿಗಳು ಏನಾದರೊಂದು ತೀರ್ಮಾನ ಮಾಡಬೇಕಾದಾಗ ಅದರ ಹಿಂದಿನ ಲೆಕ್ಕ ಹಾಕಿಕೊಡುವ ನಾಗರಿಕ ವಿಶ್ಲೇಷಕ ನಾನು. ಎಷ್ಟು ಲಾರಿ ಬೇಕು, ಯಾವ ದಾರಿ ಹಿಡಿಯಬೇಕು, ಎಷ್ಟು ಹೊತ್ತು ಹಿಡಿಯುತ್ತದೆ, ಎಡವಟ್ಟಾಗುವ ಸಂಭವ ನೂರಕ್ಕೆ ಎಷ್ಟು, ಇಷ್ಟನ್ನು ಕೋಷ್ಟಕ ಮಾಡಿ ಮುಂದಿಟ್ಟು ಕೈಕಟ್ಟಿ ನಿಲ್ಲುವುದು ನನ್ನ ಕೆಲಸ. ತೀರ್ಮಾನ ಅವರದು, ನೂರಕ್ಕೆ ಎಷ್ಟು ಎಂಬುದು ನನ್ನದು.

ಈ ಚಾಳಿ ಮನೆಗೂ ಬಂದಿದೆ. ನನ್ನ ಹೆಂಡತಿ ಸುನಂದಾ ಹಳಿಯಾಳದವಳು, ಮಾತಿನಲ್ಲಿ ಸುತ್ತುಬಳಸು ಗೊತ್ತಿಲ್ಲ. ಒಂದು ದಿನ ಅಂಗಳದಲ್ಲಿ ನಿಂತು, "ಇವತ್ತ ಮಳಿ ಬರ್ತೈತೇನ್ರಿ? ಹಪ್ಪಳಾ ಒಣಗ್ಸಲಿಕ್ಕೆ ಹಾಕ್ಲೋ ಬ್ಯಾಡೋ?" ಎಂದು ಕೇಳಿದಳು. ನಾನು ಆಕಾಶ ನೋಡಿ, ಗಾಳಿ ನೋಡಿ, "ನೂರಕ್ಕೆ ಮೂವತ್ತೈದರಷ್ಟು ಸಂಭವ ಇದೆ" ಎಂದೆ. ಅವಳು, "ಹಂಗಾರ ಮೂವತ್ತೈದು ಹಪ್ಪಳಾ ಒಳಗ ಇಟ್ಟು ಉಳಿದದ್ದು ಹೊರಗ ಹಾಕ್ತೇನಿ" ಎಂದು ಒಳಗೆ ಹೋದಳು. ಅಂದಿನಿಂದ ಮಳೆಯ ವಿಷಯಕ್ಕೆ ಅವಳು ಪಕ್ಕದ ಮನೆಯವರನ್ನು ಕೇಳುತ್ತಾಳೆ.

ಇಂಥ ನಾನು, ಹೋದ ಚಳಿಗಾಲದ ಒಂದು ಬೆಳಿಗ್ಗೆ, ಹದಿನಾರು ಮಂದಿ ಜವಾನರಿದ್ದ ಲಾರಿಯೊಂದನ್ನು ಒಂದೇ ಮಾತಿನಿಂದ ನಿಲ್ಲಿಸಿದೆ. ಅದನ್ನು ನೆನೆಯದೆ ಇರಲು ಈಗಲೂ ಆಗುವುದಿಲ್ಲ. ಬೇರೆ ಏನನ್ನೋ ಹುಡುಕುತ್ತಿರುವಾಗ, ಬಸ್ಸಿಗೆ ಕಾಯುವಾಗ, ನನ್ನೊಳಗೆ ಆ ಲಾರಿ ಮತ್ತೆ ಮತ್ತೆ ನೀರಿಗಿಳಿಯುತ್ತದೆ.

ನಡೆದದ್ದು ದಾಂಡೇಲಿಯ ಹತ್ತಿರ, ಕಾಳಿ ನದಿಯಲ್ಲಿ. ನೆರೆ ಬಂದು ಸೇತುವೆ ಬಿದ್ದುಹೋಗಿದೆ, ಜೋಯಿಡಾ ಕಡೆಯ ಊರುಗಳಿಗೆ ದಾರಿ ಕಡಿದಿದೆ, ಅಲ್ಲಿನವರಿಗೆ ಅಕ್ಕಿ ಔಷಧಿ ತಲುಪಿಸಬೇಕು ಎಂದು ಭಾವಿಸಿಕೊಂಡು ಮಾಡುವ ಅಭ್ಯಾಸ ಅದು. ನೀರು ಕಡಿಮೆ ಇರುವ, ತಳದಲ್ಲಿ ಕಲ್ಲುಹಾಸು ಇರುವ ಜಾಗ ನೋಡಿ ಎಂಟು ಲಾರಿಗಳನ್ನು ಆಚೆ ದಾಟಿಸಬೇಕು. ತೊಡಕೇನೆಂದರೆ ಬಿದ್ದುಹೋದ ಸೇತುವೆ ಅಲ್ಲೇ ಮುನ್ನೂರು ಮಾರು ದೂರದಲ್ಲಿ ಗಟ್ಟಿಯಾಗಿ ನಿಂತಿತ್ತು. ಅದರ ಮೇಲೆ ಶಾಲೆಯ ಮಕ್ಕಳ ಬಸ್ಸು, ಹಾಲಿನ ಗಾಡಿ, ಕಾಗದದ ಕಾರ್ಖಾನೆಗೆ ಹೋಗುವವರ ಸೈಕಲ್ಲು ಆರಾಮಾಗಿ ಓಡಾಡುತ್ತಿದ್ದವು. ಒಬ್ಬ ಮುದುಕರು ಸೈಕಲ್ಲು ನಿಲ್ಲಿಸಿ ಕೆಳಗಿಳಿದು ಬಂದು, "ಬ್ರಿಜ್ ಐತಲ್ರಿ, ನೀರಾಗ ಯಾಕ ಹೊಂಟೀರಿ?" ಎಂದು ಕೇಳಿದರು. ನಮ್ಮ ಸುಭೇದಾರ ಮಾರುತಿಯವರು ಗೋಕಾಕದ ಕಡೆಯವರು, ಮುಖದಲ್ಲಿ ಒಂದು ಗೆರೆಯೂ ಅಲುಗಿಸದೆ, "ಬ್ರಿಜ್ ಬಿದ್ದೈತ್ರಿ ಅಜ್ಜಾರ" ಎಂದರು. ಮುದುಕರು ಸೇತುವೆಯನ್ನೊಮ್ಮೆ, ಸುಭೇದಾರರನ್ನೊಮ್ಮೆ ನೋಡಿ, "ಯಾವಾಗ?" ಎಂದರು. "ನಿನ್ನೆ ಸಂಜೀ ಮುಂದ." "ಹಂಗಾರ ನಾ ಹುಷಾರಿಲೆ ಹೋಗ್ತೇನಿ ಬಿಡ್ರಿ" ಎಂದು ಅವರು ಸೈಕಲ್ಲು ಹತ್ತಿ ಆ ಬಿದ್ದ ಸೇತುವೆಯ ಮೇಲೆಯೇ ಹೋದರು.

ನೀರು ಎಷ್ಟು ಆಳ, ದಾಟಬಹುದೇ ಎಂಬ ಲೆಕ್ಕ ನನ್ನ ಪಾಲಿಗೆ ಬಂದಿತ್ತು. ಒಂದು ಮಾತು ಒಪ್ಪಿಕೊಳ್ಳಬೇಕು, ನನಗೆ ನದಿ ಗೊತ್ತಿಲ್ಲ. ನಾನು ಮುಂಡಗೋಡದ ಕಡೆಯವನು, ಬಾಲ್ಯದಲ್ಲಿ ಕಂಡ ದೊಡ್ಡ ನೀರೆಂದರೆ ಅತ್ತಿವೇರಿಯ ಜಲಾಶಯ. ಅದು ಇಟ್ಟಲ್ಲಿ ಇರುವ ನೀರು. ಹಕ್ಕಿಗಳು ಬಂದು ಹೋದಾವು, ನೀರು ಎಲ್ಲಿಗೂ ಹೋಗುವುದಿಲ್ಲ. ಧಾರವಾಡದಲ್ಲಿ ಓದಿದ ಸಂಖ್ಯಾಶಾಸ್ತ್ರದಲ್ಲಿಯೂ ನೀರಿನ ವಿಷಯ ಬಂದಿರಲಿಲ್ಲ. ಆದ್ದರಿಂದ ನದಿಯಲ್ಲಿ ಕೆಂಪು ಬಿಳಿ ಪಟ್ಟೆಯ ಅಳತೆಗೋಲು ನೆಡಿಸಿ, ದಿನವೂ ಆಳ ಬರೆದಿಡಲು ಜವಾನರಿಗೆ ಹೇಳಿದೆ. ಒಂಬತ್ತು ದಿನ ಬರೆದರು. ಎರಡು ಅಡಿ, ಎರಡು ಅಡಿ, ಎರಡಡಿ ಒಂದಂಗುಲ, ಎರಡು ಅಡಿ. ಅಷ್ಟು ಸಭ್ಯವಾದ ಅಂಕಿಗಳನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಮನುಷ್ಯರ ಲೆಕ್ಕ ಹಾಕಿ ಹಾಕಿ ಸೋತಿದ್ದ ನನಗೆ ಈ ನದಿಯ ಮೇಲೆ ಪ್ರೀತಿಯೇ ಹುಟ್ಟಿತು. 'ಅತ್ಯಂತ ಸ್ಥಿರ ಸ್ವಭಾವದ ನದಿ' ಎಂದು ವರದಿಯಲ್ಲಿ ಬರೆದೆ. ಅಪಾಯಗಳ ಪಟ್ಟಿಯಲ್ಲಿ ಮೊಸಳೆಗೂ ಒಂದು ಸಾಲು ಕೊಟ್ಟು, ಎದುರಿಗೆ 'ಕಡಿಮೆ' ಎಂದು ತುಂಬಿದೆ. ನದಿಯ ಮೇಲ್ಭಾಗದಲ್ಲಿರುವ ಅಣೆಕಟ್ಟಿನವರನ್ನು ಪತ್ರ ಬರೆದು ವಿಚಾರಿಸಬೇಕೆಂದು ನಾನೇ ಗುರುತು ಹಾಕಿಕೊಂಡಿದ್ದೆ. ಇಷ್ಟು ಒಳ್ಳೆಯ ನದಿಯ ನಡತೆಯ ಬಗ್ಗೆ ಇನ್ನೊಬ್ಬರನ್ನು ಕೇಳುವುದೇ ಅವಮಾನವೆನಿಸಿ ಬಿಟ್ಟುಬಿಟ್ಟೆ.

ನಮ್ಮ ಕರ್ನಲ್ ಸಾಹೇಬರದು ಒಂದು ನಿಯಮವಿತ್ತು. ಲೆಕ್ಕ ಹಾಕಿದವನು ಮೊದಲ ಲಾರಿಯಲ್ಲಿ ಕೂರಬೇಕು. ಅವರು ದೂರದ ಪ್ರಾಂತದವರು, ಮೆಲ್ಲಗೆ ಮಾತನಾಡುವವರು. "ನಿಮ್ಮ ಅಂಕಿಗಳ ಮೇಲೆ ನನಗೆ ಪೂರ್ಣ ನಂಬಿಕೆ ಇದೆ, ನಿಮಗೂ ಇರಲಿ ಎಂದು ಈ ಏರ್ಪಾಡು" ಎಂದು ಹಿಂದಿಯಲ್ಲಿ ನಗುತ್ತಾ ಹೇಳಿದರು. ಹೀಗಾಗಿ ಅಂದು ಬೆಳಿಗ್ಗೆ ಹತ್ತೂಕಾಲಕ್ಕೆ ನಾನು ಮೊದಲ ಲಾರಿಯ ಮುಂಭಾಗದಲ್ಲಿ, ಚಾಲಕನಿಗೂ ಸುಭೇದಾರರಿಗೂ ನಡುವೆ, ಮೊಣಕಾಲು ಜೋಡಿಸಿಕೊಂಡು ಕೂತಿದ್ದೆ. ಹಿಂದೆ ಹದಿನಾರು ಜನ. ಅವರಲ್ಲಿ ಇಬ್ಬರು ಹಾಡು ಹೇಳುತ್ತಿದ್ದರು.

ಮುಂದಿನ ಗಾಲಿ ನೀರು ಮುಟ್ಟಿದಾಗ ಎಡಗಡೆ ಬಂಡೆಗಳ ಮೇಲೆ ಅರಿವೆ ಒಗೆಯುತ್ತಿದ್ದ ಐದಾರು ಹೆಂಗಸರು ಕಂಡರು. ನಮ್ಮನ್ನು ನೋಡಿ ಕೈ ಬೀಸುತ್ತಿದ್ದರು, ಏನೋ ಕೂಗುತ್ತಲೂ ಇದ್ದರು. ಇಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ. ಜನರಿಗೆ ಸೈನ್ಯದ ಮೇಲೆ ಎಂಥ ಅಭಿಮಾನ ಎಂದು ನನ್ನ ಎದೆ ಉಬ್ಬಿತು. ಸಮವಸ್ತ್ರ ಇಲ್ಲದಿದ್ದರೇನು, ಲಾರಿಯಲ್ಲಿ ಕೂತಿದ್ದೇನಲ್ಲ ಎಂದು ನಾನೂ ಕೈ ಬೀಸಿದೆ. ಸುಭೇದಾರರೂ ಬೀಸಿದರು. ಹಿಂದಿನ ಹದಿನಾರು ಜನವೂ ಬೀಸಿದರೆಂದು ಆಮೇಲೆ ತಿಳಿಯಿತು. ಹೆಂಗಸರು ಇನ್ನೂ ಜೋರಾಗಿ ಬೀಸಿದರು. ನಾವು ಇನ್ನೂ ಜೋರಾಗಿ ಬೀಸಿದೆವು.

ಅವರಲ್ಲಿ ಒಬ್ಬಾಕೆ ಮಾತ್ರ ನಮ್ಮ ಕಡೆ ನೋಡುತ್ತಿರಲಿಲ್ಲ. ನೊರೆ ಸುರಿಯುತ್ತಿದ್ದ ಒಂದು ಕೌದಿಯನ್ನು ಬಂಡೆಯ ಮೇಲಕ್ಕೆ ಎಳೆಯುತ್ತಿದ್ದಳು. ಕೌದಿಯ ತೂಕ ಕೌದಿ ಒಗೆದ ಮನೆಯವರಿಗೇ ಗೊತ್ತು. ಹಳೆಯ ಸೀರೆ ಧೋತರಗಳನ್ನು ಪದರಪದರವಾಗಿ ಹೊಲಿದ ಆ ಹೊದಿಕೆ ನೆನೆಯಿತೆಂದರೆ ಎಮ್ಮೆಯ ಕರುವಿನಷ್ಟು ಭಾರ. ನನ್ನವ್ವ ಅದನ್ನು ಹಿಂಡುವಾಗ ಒಂದು ತುದಿ ನನ್ನ ಕೈಗೆ ಕೊಡುತ್ತಿದ್ದಳು, ಎರಡು ದಿನ ತೋಳು ನೋಯುತ್ತಿದ್ದವು. ಸಾಬೂನು ಹಚ್ಚಿದ ಕೌದಿಯನ್ನು, ಜಾಲಿಸದೆ, ಒಬ್ಬಳೇ, ದಡದ ಮೇಲಕ್ಕೆ ಎಳೆಯುವ ಹೆಂಗಸು ಈ ಭೂಮಿಯ ಮೇಲೆ ಇಲ್ಲ. ಎಳೆಯುತ್ತಿದ್ದಾಳೆಂದರೆ ನೀರು ಏರಿ ಅದನ್ನು ಒಯ್ಯುವುದರಲ್ಲಿದೆ.

"ನಿಲ್ಲಿಸ್ರಿ" ಎಂದೆ. ನೂರಕ್ಕೆ ಎಷ್ಟು ಎಂದು ಹೇಳಲಿಲ್ಲ.

"ಯಾಕ್ರೀ ಸಾಹೇಬ್ರ?" ಎಂದರು ಸುಭೇದಾರರು.

ವಿವರಿಸಲು ಬಾಯಿ ತೆರೆದರೆ ಬಂದದ್ದು "ಕೌದಿ" ಎಂಬ ಒಂದೇ ಮಾತು. ಬೆರಳು ತೋರಿಸಿದೆ. ಸುಭೇದಾರರು ನೋಡಿದರು. ಅವರಿಗೂ ಒಬ್ಬ ತಾಯಿ ಇದ್ದಿರಬೇಕು, ಅವರ ತೋಳುಗಳೂ ನೊಂದಿರಬೇಕು. ಮರುಗಳಿಗೆಯಲ್ಲಿ ಅವರು ಚಾಲಕನ ಭುಜ ಹಿಡಿದು ಲಾರಿಯನ್ನು ಹಿಂದಕ್ಕೆ ಹೊರಡಿಸಿದ್ದರು. ಹಿಂದಿನ ಏಳು ಲಾರಿಗಳು ಗದ್ದಲದಲ್ಲಿ ಹಿಂದೆ ಸರಿದವು. ಯಾಕೆ ನಿಂತಿರಿ ಎಂದು ವೈರ್‌ಲೆಸ್ಸಿನಲ್ಲಿ ಕರ್ನಲ್ ಸಾಹೇಬರು ಕೇಳಿದರು. ಸುಭೇದಾರರು, "ಸಾಬ್, ಕೌದಿ" ಎಂದರು. ಅವರು ಅತ್ತ ಸಂಕೇತಪದಗಳ ಪಟ್ಟಿ ತೆಗೆದು ಅದು ಎಲ್ಲಿದೆ ಎಂದು ಹುಡುಕತೊಡಗಿದರಂತೆ.

ಪಟ್ಟಿ ಮುಗಿಯುವ ಮುಂಚೆ ನೀರು ಬಂತು. ಅಬ್ಬರವೇನೂ ಇಲ್ಲ, ಹೆದರಿಸಿದ್ದೂ ಅದೇ. ನದಿ ಸುಮ್ಮನೆ ದಪ್ಪಗಾಗುತ್ತಾ ಹೋಯಿತು. ನಮ್ಮ ಗಾಲಿಯ ಗುರುತು ಮುಳುಗಿತು, ಹೆಂಗಸರು ನಿಂತಿದ್ದ ಬಂಡೆ ಮುಳುಗಿತು, ಅಳತೆಗೋಲಿನ ಪಟ್ಟೆಗಳು ಒಂದೊಂದಾಗಿ ಕರಗಿ ಕೊನೆಗೆ ಕೋಲೇ ಓರೆಯಾಗಿ ಹೊರಟುಹೋಯಿತು. ಹಾಡುತ್ತಿದ್ದ ಇಬ್ಬರು ಲಾರಿಯಿಂದ ಇಳಿದು ದಡದಲ್ಲಿ ನಿಂತು ನೋಡುತ್ತಿದ್ದರು.

ಸಂಜೆ ಕರ್ನಲ್ ಸಾಹೇಬರ ಎದುರು ಒಂಬತ್ತು ದಿನದ ಪುಸ್ತಕ ಬಿಚ್ಚಿದೆವು. ನೋಡಿದರೆ ಪ್ರತಿಯೊಂದು ಅಳತೆಯ ಮುಂದೆಯೂ ಒಂದೇ ವೇಳೆ, ಬೆಳಿಗ್ಗೆ ಆರೂವರೆ. ಕವಾಯತು ಮುಗಿಸಿ ಚಹಾಕ್ಕೆ ಹೋಗುವ ಮುಂಚೆ ಅಳೆಯಬೇಕೆಂದು ಯಾರೋ ಹೇಳಿದ್ದರು, ಸೈನ್ಯದವರು ಒಂದು ನಿಮಿಷವೂ ತಪ್ಪಿಸಿರಲಿಲ್ಲ. ಶಿಸ್ತಿಲ್ಲದವರಾಗಿದ್ದರೆ ಒಂದು ದಿನ ಏಳಕ್ಕೆ, ಒಂದು ದಿನ ಹನ್ನೊಂದಕ್ಕೆ ಅಳೆದು ನನ್ನನ್ನು ಕಾಪಾಡುತ್ತಿದ್ದರು. ನನ್ನ ನೌಕರಿ ಇಂದಿಗೆ ಮುಗಿಯಿತು ಎಂದುಕೊಂಡು, ವೇಳೆಯ ಕಡೆ ಕಣ್ಣು ಹಾಯಿಸದೆ ಇದ್ದದ್ದು, ಬರೆಯದೆ ಬಿಟ್ಟ ಪತ್ರ, ಎಲ್ಲವನ್ನೂ ಒಪ್ಪಿಕೊಂಡೆ. ಕರ್ನಲ್ ಸಾಹೇಬರು ಪುಸ್ತಕ ಮುಚ್ಚಿ, "ಲಾರಿ ಇಳಿಸಿದವರೂ ನೀವೇ, ನಿಲ್ಲಿಸಿದವರೂ ನೀವೇ. ನಾಲ್ಕು ದಿನ ಕೊಡುತ್ತೇನೆ, ದಾಟಿಸುವವರೂ ನೀವೇ ಆಗಿ. ಆಗದಿದ್ದರೆ ನಿಮ್ಮ ಕಚೇರಿಗೆ ಹಿಂದಿರುಗಿ" ಎಂದರು.

ಮರುದಿನ ಅಣೆಕಟ್ಟಿನವರಿಗೆ ಪತ್ರ ಕಳಿಸಿ, ಫೋನೂ ಮಾಡಿ, ಬಂಡೆಗಳ ಹತ್ತಿರ ಹೋದೆ. ಕೌದಿಯ ಹೆಂಗಸು ಗಂಗವ್ವ. ಅವಳ ಗಂಡ ಬೆಳಗಾವಿ ಜಿಲ್ಲೆಯಿಂದ ಇಲ್ಲಿಗೆ ಕೆಲಸಕ್ಕೆ ಬಂದವನು, ಇವಳು ಬಂದು ಇಪ್ಪತ್ತು ವರ್ಷವಾಗಿದೆ. ನಾನು ಉಪಕಾರ ಸ್ಮರಿಸಲು ಶುರು ಮಾಡುವುದರೊಳಗೆ ಅವಳು, "ಬರಬ್ಯಾಡ್ರಿ ಬರಬ್ಯಾಡ್ರಿ ಅಂತ ನಾವು ಕೈ ಮಾಡಿದ್ರ, ನೀವು ಮಂತ್ರಿಗಳ ಗತೆ ಕೈ ಬೀಸ್ಕೋತ ಬಂದ್ರೆಲ್ರೀ ಯಪ್ಪಾ" ಎಂದಳು. ಉಳಿದವರು ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡರು.

"ನೀರು ಬರೋದು ನಿಮಗ ಹೆಂಗ ಗೊತ್ತಾಗ್ತೈತಿ?" ಎಂದು ಕೇಳಿದೆ.

"ಅದರಾಗೇನೈತ್ರಿ. ಮ್ಯಾಲ ಕರೆಂಟ ಮಾಡೂ ಮುಂದ ನೀರು ಬಿಡ್ತಾರ. ಹೊಳಿ ಸಪ್ಪಳಾ ಬದಲಾಗ್ತೈತಿ. ಆ ಕರೀ ಕಲ್ಲಿನ ಬುಡ ತೊಯ್ತಂದ್ರ ಅರಿವಿ ಎತ್ತೂದು, ಅಷ್ಟ."

"ದಿನಾ ಅದೇ ಹೊತ್ತಿಗೋ?"

"ಹೊಳಿ ಏನ್ ಗಡಿಯಾರ ಕಟ್ಕೊಂಡೈತೇನ್ರಿ? ಕುಂತು ನೋಡ್ರಿ. ಹಂಗ ಕುಂಡ್ರಬ್ಯಾಡ್ರಿ, ಇದನ್ನ ಹಿಡೀರಿ" ಎಂದು ಕೌದಿಯ ಒಂದು ತುದಿ ನನ್ನ ಕೈಗಿತ್ತಳು.

ಹೊಸ ಅಳತೆಗೋಲು ನೆಡಿಸಿ, ಮೂರು ದಿನ ಬೆಳಕು ಹರಿದಾಗಿನಿಂದ ಕತ್ತಲಾಗುವವರೆಗೆ ಅಲ್ಲೇ ಕೂತು ಅರ್ಧರ್ಧ ಗಂಟೆಗೆ ಆಳ ಬರೆದೆ, ನಡುವೆ ನಾಲ್ಕು ಕೌದಿ ಹಿಂಡಿದೆ. ಅಣೆಕಟ್ಟಿನವರು ಕೊಟ್ಟ ವೇಳೆಗೂ ಗಂಗವ್ವನ ಕರಿಯ ಕಲ್ಲಿಗೂ ನನ್ನ ಅಂಕಿಗಳಿಗೂ ತಾಳೆ ಬಂತು. ನನ್ನ ಸಭ್ಯ ನದಿ ದಿನಕ್ಕೆ ಎರಡು ಬಾರಿ ಮೈದುಂಬಿ ಇಳಿಯುತ್ತಿತ್ತು, ಆರೂವರೆಗೆ ಮಾತ್ರ ಏನೂ ಅರಿಯದ ಮುಖ ಮಾಡಿಕೊಂಡಿರುತ್ತಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಏಳೂವರೆಗೆ ಹೊರಡಬಹುದು, ಎಂಟೂವರೆಯೊಳಗೆ ಕೊನೆಯ ಲಾರಿ ಆಚೆಗಿರಬೇಕು ಎಂದು ಬರೆದುಕೊಟ್ಟೆ. ಕರಿಯ ಕಲ್ಲಿನ ಹತ್ತಿರ ವೈರ್‌ಲೆಸ್ ಹಿಡಿದ ಒಬ್ಬ ಜವಾನ, ಅವನ ಪಕ್ಕದಲ್ಲಿ ಅವನಿಗೆ ಏನು ನೋಡಬೇಕೆಂದು ಹೇಳಿಕೊಡಲು ಗಂಗವ್ವ.

ಆ ದಿನ ನಾವು ದಾಟಿದೆವು. ಎಂಟಕ್ಕೆ ಎಂಟೂ ಲಾರಿ, ಒಂದು ಮೂಟೆ ಅಕ್ಕಿಯೂ ನೆನೆಯದೆ. ಬಿದ್ದುಹೋದ ಸೇತುವೆಯ ಮೇಲೆ ನಿಂತಿದ್ದ ಜನ ಸಿಳ್ಳೆ ಹಾಕಿದರು, ಬಸ್ಸಿನ ಮಕ್ಕಳು ಚಪ್ಪಾಳೆ ತಟ್ಟಿದರು, ಕರ್ನಲ್ ಸಾಹೇಬರು ಆಚೆ ದಡದಲ್ಲಿ ಎಲ್ಲರ ಎದುರು ನನ್ನ ಕೈ ಕುಲುಕಿ, "ಇನ್ನು ಮೇಲೆ ನಿಮ್ಮ ಅಂಕಿಯ ಜೊತೆ ನಿಮ್ಮ ಮಾತೂ ನನಗೆ ಬೇಕು" ಎಂದರು. ಜವಾನರು ನನ್ನನ್ನು ಎತ್ತಿ ಕುಣಿಸುತ್ತಾರೇನೋ ಎಂದು ಅನುಮಾನ ಬಂದು ಲಾರಿಯ ಬಾಗಿಲು ಗಟ್ಟಿಯಾಗಿ ಹಿಡಿದುಕೊಂಡೆ. ಹನ್ನೆರಡು ವರ್ಷದ ನೌಕರಿಯಲ್ಲಿ ಅಂಥ ಬೆಳಿಗ್ಗೆ ಬಂದಿರಲಿಲ್ಲ.

ಇದರಲ್ಲಿ ಬಹಳಷ್ಟು ನಾನು ಆಮೇಲೆ ಕೇಳಿ ತಿಳಿದದ್ದು. ಮೊದಲ ಲಾರಿಯ ಗಾಲಿ ನೀರು ಮುಟ್ಟಿದ್ದೊಂದು ಗೊತ್ತು. ಅದಾದ ಮೇಲೆ ನನಗೆ ಗೊತ್ತಾದದ್ದು ಸುಭೇದಾರರು ಮೊಣಕೈಯಿಂದ ತಿವಿದು, "ದಂಡಿ ಬಂತ್ರೀ ಸಾಹೇಬ್ರ, ಇನ್ನ ಕಣ್ಣ ತೆಗೀರಿ" ಎಂದದ್ದು. ಆ ರಾತ್ರಿಯೇ ವರದಿ ಕಳಿಸಬೇಕಿತ್ತು. ಪ್ರತಿ ಅಂಕಿಗೂ ಆಧಾರ ಕೊಟ್ಟೆ, ಕಲ್ಲಿನ ಬಣ್ಣಕ್ಕೂ ಸಾಕ್ಷಿ ಬರೆದೆ, ಗಂಗವ್ವನ ಹೆಸರನ್ನು ದಪ್ಪ ಅಕ್ಷರದಲ್ಲಿ ಹಾಕಿದೆ. ಕೊನೆಯಲ್ಲಿ, 'ವಿಶ್ಲೇಷಕರು ಮೊದಲ ವಾಹನದಲ್ಲಿದ್ದು ಕಣ್ಣಾರೆ ಕಂಡಂತೆ, ನದಿ ದಾಟುವ ಕಾರ್ಯ ಅತ್ಯಂತ ಸುಗಮವಾಗಿ ನಡೆಯಿತು' ಎಂದು ಬರೆದು ಸಹಿ ಮಾಡಿದೆ. ಅಷ್ಟು ದೊಡ್ಡ ವರದಿಯಲ್ಲಿ ಮೇಲಿನವರು ಒಂದೂ ಪ್ರಶ್ನೆ ಕೇಳದೆ ಒಪ್ಪಿದ ವಾಕ್ಯ ಅದೊಂದೇ.