ಟವೆಲ್ ಕಟ್ಟಿದ ವೀರ ಮತ್ತು ತಿಳಿದ ಅಳಿಯ

ಅಥವಾ ಆ ಬಟ್ಟೆ ಹಸಿರೇ ಇದ್ದಿರಬೇಕು. ಕಂಪ್ಯೂಟರ್ ಆಟದ ವೀರನ ಬೆನ್ನಿಗಿದ್ದದ್ದು ಕೆಂಪು ಬಟ್ಟೆ ಎಂದು ನಾನು ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ. ಹೆಂಡತಿ ಗಿರಿಜಾ ಹಸಿರು ಎನ್ನುತ್ತಾಳೆ. ಬೈಲಹೊಂಗಲದ ಆ ಸೈಬರ್ ಕೆಫೆಯ ಪರದೆಯಲ್ಲಿ ಎಲ್ಲ ಬಣ್ಣಗಳೂ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ನೆನಪೂ ಹಾಗೆಯೇ. ಗೆದ್ದದ್ದು ನಾನು ಎಂಬುದಷ್ಟೇ ನಿಚ್ಚಳ.

ಇದಕ್ಕೆಲ್ಲ ಮೂಲ ರಾಮದುರ್ಗದ ನನ್ನ ಮಾವ. ಅವರಿಗೆ ತಮ್ಮ ಬಟ್ಟೆ ಅಂಗಡಿಗೆ ಕಂಪ್ಯೂಟರ್ ತರುವ ಮನಸ್ಸಾಗಿತ್ತು. ಆರಿಸಲು ಒಬ್ಬ ತಿಳಿದ ಅಳಿಯ ಬೇಕಿತ್ತು. ಇದ್ದ ಅಳಿಯಂದಿರು ಇಬ್ಬರು. ಕೋರ್ಟಿನ ಎದುರು ಕೂತು ಟೈಪ್ ಮಾಡುವ ನಾನು. ಗಿರಿಜಾಳ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ, ಸವದತ್ತಿಯ ಈರಣ್ಣ. ಅವನಿಗೆ ಗೊತ್ತಿಲ್ಲದ ವಿಷಯ ಇನ್ನೂ ಹುಟ್ಟಿರಲಿಲ್ಲ.

ಬೈಲಹೊಂಗಲದ ನಮ್ಮ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಈರಣ್ಣ ಇಂಟರ್ನೆಟ್ಟಿನ ಒಂದು ಪುಕ್ಕಟೆ ಆಟದ ಸುದ್ದಿ ತೆಗೆದ. ಹಾರುವ ವೀರ, ಓಡುವ ಕಳ್ಳರು. ಅದರಲ್ಲಿ ತನ್ನನ್ನು ಮೀರಿಸುವವರಿಲ್ಲವಂತೆ.

"ಅದರಾಗೇನೈತಿ?" ಎಂದೆ. "ಕೀ ಒತ್ತೂದರಾಗ ನನ್ನ ಅರ್ಧ ಆಯುಷ್ಯ ಹೋಗೇತಿ."

ಆ ಆಟವನ್ನು ನಾನು ಕಂಡೂ ಇರಲಿಲ್ಲ.

ಮಾವ ಹೋಳಿಗೆ ಮುರಿಯುವುದನ್ನು ನಿಲ್ಲಿಸಿದರು. "ಹಂಗಾದ್ರ ಇಬ್ಬರೂ ಆಡಿ ತೋರಸ್ರಿ. ಗೆದ್ದವರು ನನ್ನ ಕೂಡ ಹುಬ್ಬಳ್ಳಿಗೆ ಬರ್ರಿ, ಮಶೀನ್ ಆರಸೂಣು."

ಗಿರಿಜಾಳೂ ಸೇರಿ ನಾಲ್ವರೂ ಕೆಫೆಗೆ ಹೊರಟೆವು.

ನ್ಯಾಯವಾಗಿ ಮೊದಲು ಆಟದ ಗುಣಗಳನ್ನು ದಾಖಲಿಸುತ್ತೇನೆ. ಸದರಿ ಆಟವು ಪುಕ್ಕಟೆ. ವೀರ ತಾನಾಗಿಯೇ ಓಡುತ್ತಾನೆ; ಮೇಲ್ಮುಖದ ಬಾಣದ ಕೀ ಒತ್ತಿದರೆ ಹಾರುತ್ತಾನೆ, ಉದ್ದನೆಯ ಕೀ ಒತ್ತಿದರೆ ಗುದ್ದುತ್ತಾನೆ. ಇನ್ನು ದೋಷಗಳು. ಕಳ್ಳರೆಲ್ಲ ಒಬ್ಬನೇ ಮನುಷ್ಯ, ಅಂಗಿ ಮಾತ್ರ ಬೇರೆ. ನಡುನಡುವೆ ಒಬ್ಬ ಮುದುಕಿ ಬರುತ್ತಾಳೆ, ಅವಳನ್ನು ಕಾಪಾಡಬೇಕು. ಆದರೆ ಅವಳೂ ಕಳ್ಳನ ಹಾಗೆಯೇ ಕಾಣುತ್ತಾಳೆ.

ಈರಣ್ಣ ಮೊದಲು ಆಡಿದ. ಅವನು ಚೆನ್ನಾಗಿಯೇ ಆಡಿದ ಎಂದು ಒಪ್ಪಿಕೊಳ್ಳಲು ನನಗೆ ಇಷ್ಟು ವರ್ಷ ಹಿಡಿಯಿತು.

ಮಾವ ಪರದೆಗೆ ಮುಖ ಹಚ್ಚಿ ನೋಡುತ್ತಿದ್ದರು. "ಅಂವ ಬೆನ್ನಿಗೆ ಟವೆಲ್ ಯಾಕ ಕಟ್ಕೊಂಡಾನ?"

"ಹಾರಾಕ್ರಿ ಮಾವಾರ," ಎಂದ ಈರಣ್ಣ.

"ಹುಟ್ಟಿದಾಗಿಂದ ನಾನೂ ಹೆಗಲ ಮ್ಯಾಲ ಹಾಕ್ಕೊಂಡೇನಿ. ಎಲ್ಲಿ ಹಾರೇನಿ?"

ಈರಣ್ಣ ನಕ್ಕ. ಅಷ್ಟರಲ್ಲಿ ಅವನ ವೀರ ಮಾಳಿಗೆಯಿಂದ ಬಿದ್ದ, ಆಟ ಮುಗಿಯಿತು. ಆದರೂ ಅಂಕ ದೊಡ್ಡದೇ ಇತ್ತು.

ಈಗ ನನ್ನ ಸರದಿ. ಟೈಪಿಂಗ್ ಶಾಲೆಯಲ್ಲಿ ಕಲಿಸಿದಂತೆ ಬೆನ್ನು ನೆಟ್ಟಗೆ ಮಾಡಿ ಹತ್ತೂ ಬೆರಳುಗಳನ್ನು ಅಕ್ಷರಗಳ ಮೇಲಿಟ್ಟೆ. ಆ ಶಾಲೆಯ ಮೊದಲ ಪಾಠ, ಕೀ ನೋಡಬಾರದು. ಎರಡನೆಯದು, ಕಣ್ಣು ಎಡಗಡೆಯ ಕಾಗದದ ಮೇಲಿರಬೇಕು. ಎಡಗಡೆ ಕಾಗದವಿರಲಿಲ್ಲ, ಮಾವ ಇದ್ದರು. ಹಾಗಾಗಿ ಮಾವನನ್ನು ನೋಡುತ್ತ ಆಡಿದೆ. ಹೆಬ್ಬೆರಳು ಮಾತ್ರ ರೂಢಿಯಂತೆ ಉದ್ದನೆಯ ಕೀಯನ್ನು ಒತ್ತುತ್ತಲೇ ಇತ್ತು.

"ಆ ಮುದುಕಿ ನಿಮಗೇನ ಮಾಡ್ಯಾಳ್ರಿ?" ಎಂದಳು ಗಿರಿಜಾ.

ನೋಡಿದೆ. ಮುದುಕಿ ನೆಲ ಹಿಡಿದಿದ್ದಳು. ಅಂಕ ಸೊನ್ನೆಗೆ ಇಳಿದಿತ್ತು.

"ಅಣ್ಣಾರ, ಕಳ್ಳರು ಆಕಡೆ ಅದಾರ," ಎಂದ ಈರಣ್ಣ ಬಲು ಮರ್ಯಾದೆಯಿಂದ.

ಗಿರಿಜಾ ಇನ್ನಷ್ಟು ಹತ್ತಿರದಿಂದ ನೋಡಲು ನನ್ನ ಹೆಗಲ ಮೇಲಿಂದ ಬಾಗಿದಳು. ಆಗಲೇ ಮೇಲ್ಮುಖದ ಬಾಣದ ಕೀ ಕಟಕ್ಕೆಂದಿತು. ಕೆಳಗೆ ಹೋದದ್ದು ಮೇಲೆ ಬರಲಿಲ್ಲ, ಸಿಕ್ಕಿಕೊಂಡಿತು. ವೀರ ಎದ್ದ. ಮಾಳಿಗೆ ದಾಟಿದ, ಮೋಡ ದಾಟಿದ, ಪರದೆಯನ್ನೇ ದಾಟಿ ಹೊರಗೆ ಹೋದ. ಈ ಆಟ ಮಾಡಿದ ಪುಣ್ಯಾತ್ಮರು ಆಕಾಶಕ್ಕೆ ಚಾವಣಿ ಹಾಕಿರಲಿಲ್ಲ!

ಈರಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ನಗು ನಿಲ್ಲಿಸಿದ. ಅಂಕ ಏರುತ್ತಿತ್ತು. ಸಾಯದೆ ಉಳಿದ ಪ್ರತಿ ಗಳಿಗೆಗೂ ಅಂಕ ಕೊಡುವ ಆಟ ಅದು. ಅಷ್ಟು ಎತ್ತರದಲ್ಲಿ ಕೊಲ್ಲಲು ಯಾರೂ ಇರಲಿಲ್ಲ.

"ಮನಷ್ಯಾನ ಇಲ್ಲ, ಅಂಕ ಹೆಂಗ ಬರತಾವ?" ಎಂದ ಈರಣ್ಣ.

"ಪರ್ಮನೆಂಟ್ ನೌಕರಿ ಇರಬೇಕು," ಎಂದಳು ಗಿರಿಜಾ.

"ಇದು ಆಟ ಅಲ್ರಿ ಅಣ್ಣಾರ. ಅಂವನ್ನ ಕೆಳಗ ಇಳಸ್ರಿ."

"ಮ್ಯಾಲ ಹೋದವರನ್ನ ಇಳಸೂದು ಛಲೋ ಅಲ್ಲ ಈರಣ್ಣ," ಎಂದೆ. ಮೇಜಿನ ಮೇಲೆ ಕೆಳಮುಖದ ಬಾಣವನ್ನು ಗುದ್ದಿ ಗುದ್ದಿ ನನ್ನ ಬೆರಳು ನೋಯುತ್ತಿತ್ತು.

ನನ್ನ ಅಂಕ ಈರಣ್ಣನದನ್ನು ದಾಟಿತು. ಮಾವ ಎದ್ದು ನಿಂತು ಟವೆಲ್ ಕೊಡವಿದರು. "ಗದ್ದಲಾ ಮಾಡಿ ಬೀಳಾಂವಗಿಂತ ಕಾಣದಂಗ ದುಡಿಯಾಂವ ದೊಡ್ಡಾಂವ. ಹುಬ್ಬಳ್ಳಿಗೆ ನೀವ ಬರ್ರಿ."

ಪೇಟೆಯ ನಡುವೆ ನಾನು ಎದೆ ಸೆಟೆಸಿ ನಡೆದೆ. ಈರಣ್ಣ ಬಸ್ಸಿನ ನೆಪ ಹೇಳಿ ಚಹಾ ಕುಡಿಯದೆ ಹೋದ. ಹುಬ್ಬಳ್ಳಿಯ ಅಂಗಡಿಯಲ್ಲಿ, ಯಾವ ಮಶೀನ್ ತಗೊಳ್ಳೂಣು ಎಂದು ಮಾವ ಕೇಳಿದಾಗ ನಾನು ಗಂಭೀರವಾಗಿ ಒಂದೊಂದೇ ಬಾಣದ ಕೀ ಒತ್ತಿ ನೋಡಿ, "ಇದು," ಎಂದೆ. ಆ ಮಶೀನ್ ಬಹಳ ವರ್ಷ ನಡೆಯಿತು. ರಾಮದುರ್ಗದಲ್ಲಿ ನನಗೆ ಇವತ್ತಿಗೂ ತಿಳಿದ ಅಳಿಯನ ಮರ್ಯಾದೆ.

ಆದರೆ ಟೈಪಿಂಗ್ ಕಲಿತವನ ಬೆರಳು ಅಕ್ಷರ ಬಿಟ್ಟು ಬಾಣದ ಕೀಗಳತ್ತ ತಾನಾಗಿ ಹೋಗುವುದಿಲ್ಲ. ಹೋಗಬಾರದು ಎಂದೇ ಕಲಿಸಿರುತ್ತಾರೆ. ಗಿರಿಜಾಳನ್ನು ಕೇಳಿದರೆ, "ಗೆದ್ದಿರಿಲ್ಲೋ?" ಎಂದು ಒಳಗೆ ಹೋಗುತ್ತಾಳೆ. ಆ ಕೀ ಒತ್ತಿದ್ದು ಯಾರು ಎಂಬುದು ನನಗೆ ಗೊತ್ತಿಲ್ಲ.